ಹತ್ತಕ್ಕೆ ಎಂಟು

ಭಾಷೆಯ ಶುದ್ಧಿಯೇ ನಾಗರಿಕತೆಯ ಬುನಾದಿ. ಈ ಮಾತನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚು ಅಷ್ಟೂ ವರ್ಷ ನಿದ್ದೆ ಮಾಡಿತು, ನಾಗರಿಕತೆಗೆ ಏನೂ ಆಗಲಿಲ್ಲ.

1998ರಲ್ಲಿ ನನಗೆ ನಂಜನಗೂಡಿನಿಂದ ತಿ. ನರಸೀಪುರದ ಪ್ರೌಢಶಾಲೆಗೆ ವರ್ಗವಾಯಿತು. ನನ್ನ ಸಂಜೆ ಪಾಠಕ್ಕೆ ಬರುತ್ತಿದ್ದ ಹೆಮ್ಮರಗಾಲದ ಮಹದೇವಮ್ಮ ನರ್ಸಿಂಗ್ ಹೋಮೊಂದರಲ್ಲಿ ಆಯಾ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಮೂರು ಸಲ ಫೇಲು. ನರ್ಸ್ ತರಬೇತಿಗೆ ಸೇರಲು ವಯಸ್ಸಿನ ಲೆಕ್ಕದಲ್ಲಿ ಅದೇ ಕಡೆಯ ವರ್ಷ.

“ನೀವು ಒಂಟೋದ್ರೆ ನನ್ ಗತಿ ಏನ್ ಸಾ?”

“ವಾರಕ್ಕೊಂದು ಕಾಗದ ಬರಿ. ಮನೆ ವಿಷಯ, ಇಂಗ್ಲಿಷಿನಲ್ಲಿ ಹತ್ತು ವಾಕ್ಯ. ತಿದ್ದಿ ವಾಪಸ್ ಕಳಿಸ್ತೀನಿ” ಎಂದೆ.

ಕಾಗದ ಗುರುವಾರ ಬರುತ್ತಿತ್ತು. ಅದರಲ್ಲಿ ಅವಳ ಅವ್ವ ‘he’, ಎಮ್ಮೆ ‘she’, ದೊಡ್ಡ ನರ್ಸು ಗೌರವದಿಂದ ‘they’. ‘ಅಲ್ಲಿ’ ಎನ್ನುವ there ಇರಬೇಕಾದ ಕಡೆಯೆಲ್ಲ ‘ಅವರ’ ಎನ್ನುವ their. ಎರಡರ ಉಚ್ಚಾರವೂ ಒಂದೇ ಆದ್ದರಿಂದ ತಪ್ಪು ಅವಳದಲ್ಲ, ಇಂಗ್ಲಿಷರದು. ಆದರೂ ಕೆಂಪು ಮಸಿಯಲ್ಲಿ ತಿದ್ದಿ ಅಂಕ ಹಾಕುತ್ತಿದ್ದೆ. ನನ್ನದು ಒಂಟಿ ಬಿಡಾರ. ಅವ್ವನ ಕೆಮ್ಮು, ಎಮ್ಮೆಯ ಹಟ ಎಲ್ಲ ನನಗೆ ಬಾಯಿಪಾಠವಾಗಿದ್ದವು.

“ಏನ್ ಮೇಷ್ಟ್ರೇ, ಗುರ್ವಾರ ಬಂದ್ರೆ ನನ್ ಮ್ಯಾಲೆ ಭಾರಿ ಪ್ರೀತಿ ಕಣ್ರೀ ನಿಮ್ಗೆ!” ಎನ್ನುತ್ತಿದ್ದ ಪೋಸ್ಟ್‌ಮನ್.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಬಂದ ಕಾಗದದಲ್ಲಿ ಹೀಗಿತ್ತು: “My mother is no more. He died on Monday. Now their is nobody in the house.” He ಅಳಿಸಿ She ಮಾಡಿದೆ, their ತಿದ್ದಿ there ಮಾಡಿದೆ. ಹತ್ತಕ್ಕೆ ಎಂಟು. ಕೆಳಗೆ ‘ಪ್ರಗತಿ ಕಾಣುತ್ತಿದೆ’ ಎಂದು ಷರಾ ಬರೆದು ಸಹಿ ಮಾಡಿದೆ. ಅಂಚೆ ಡಬ್ಬಿಯೊಳಗೆ ಅದು ಬಿದ್ದ ಸದ್ದಾದ ಮೇಲೆ, ಓದಿದ್ದು ಏನೆಂದು ತಲೆಗೆ ಬಂತು.

ಮುಂದಿನ ಗುರುವಾರ ಕಾಗದವಿಲ್ಲ. ಅದರ ಮುಂದಿನದೂ ಇಲ್ಲ. ಭಾನುವಾರ ಬಸ್ಸು ಹತ್ತಿ ಹೆಮ್ಮರಗಾಲಕ್ಕೆ ಹೋದೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ತಿರುಗಿ ನೋಡಿದಳು. ನಾನು ತಪ್ಪಾಯಿತೆಂದೆ.

“ತಿದ್ದಿದ್ದು ಸರಿಯಾಗೇ ಅದೆ ಸಾ” ಎಂದಳು. “ತಿದ್ದುದ್ ಮ್ಯಾಲೂ ಮನೇಲಿ ಯಾರೂ ಇಲ್ಲ. ಇನ್ನೇನ್ ಬರೀಲಿ?”

ಜಗುಲಿಯ ಮೇಲೆ ಕೂತು, “ಅವ್ವನ ವಿಷಯ ಹೇಳು. ಕನ್ನಡದಲ್ಲೇ ಹೇಳು” ಎಂದೆ. ಕಡೆಯ ಬಸ್ಸಿನವರೆಗೂ ಹೇಳಿದಳು. ನಾನು ಒಂದು ಕಡೆಯೂ ತಿದ್ದಲಿಲ್ಲ.

ಆ ಗುರುವಾರ ಕಾಗದ ಬಂತು. ಹತ್ತೂ ವಾಕ್ಯ ಅವ್ವನ ಮೇಲೆ, ಹತ್ತರಲ್ಲೂ ‘she’. ಮೊದಲು ಪೂರ್ತಿ ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ಪೆನ್ನಿನ ಮುಚ್ಚಳ ತೆಗೆದೆ. ತಿದ್ದುವವನು ಮೊದಲು ಓದಬೇಕು: ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಮಹದೇವಮ್ಮ ಇಂಗ್ಲಿಷಿನಲ್ಲಿ ನಲವತ್ತೊಂದು ತೆಗೆದು ಪಾಸಾಗಿ ನರ್ಸ್ ತರಬೇತಿಗೆ ಸೇರಿದಳು. ಕಾಗದ ಬರೆಯುವ ಅಗತ್ಯ ಉಳಿಯಲಿಲ್ಲ. ಗುರುವಾರದ ಅಂಚೆ ನಮ್ಮ ಬೀದಿಗೆ ಈಗಲೂ ಹನ್ನೊಂದು ಗಂಟೆಗೆ ಬರುತ್ತದೆ.