ಸುಮಾಳ ಒಂಬತ್ತು ಮನೆಯ ಊರು

ಇವತ್ತು ನಾಗಮಂಗಲದ ಸಂತೆಯಲ್ಲಿ ಒಣಮೀನಿನ ವಾಸನೆ ಬಂದೊಡನೆ ಸುಮಾಳ ಅಜ್ಜಿ ನೆನಪಾದರು.

ಅಪ್ಪನಿಗೆ ವರ್ಗವಾಗಿ ಸುಮಾ ಕರಾವಳಿಯಿಂದ ನಮ್ಮ ಚಿನಕುರಳಿಗೆ ಬಂದು ನನ್ನ ತರಗತಿಗೇ ಸೇರಿದ್ದಳು. ಅವರ ಮನೆಗೆ ಹೋದಾಗಲೆಲ್ಲ ಅಜ್ಜಿ ಒಣಮೀನು ಸುಟ್ಟುಕೊಟ್ಟು ತಮ್ಮೂರಿನ ಕಥೆ ಹೇಳುತ್ತಿದ್ದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಮೇಲೆ ಒಂಬತ್ತೇ ಮನೆ. ಹಿಂದೆ ಅಲ್ಲಿಗೆ ಮೆಣಸು ಒಯ್ಯಲು ಹಡಗುಗಳು ಬರುತ್ತಿದ್ದವಂತೆ. ಹೊಳೆ ಕಡಲು ಸೇರುವಲ್ಲಿ ಮರಳು ತುಂಬಿಕೊಂಡ ಮೇಲೆ ಹಡಗುಗಳು ನಿಂತವು, ಜನರೂ ಊರು ಬಿಟ್ಟರು.

ಒಂದು ದಿನ ಮೇಷ್ಟ್ರು ಅವಳ ಊರಿನ ಬಗ್ಗೆ ಕೇಳಿದಾಗ ಸುಮಾ ಅದನ್ನೆಲ್ಲ ಎಷ್ಟು ಚೆನ್ನಾಗಿ ಹೇಳಿದಳೆಂದರೆ ತರಗತಿಯೇ ಬಾಯಿಬಿಟ್ಟು ಕೇಳಿತು. ಅದುವರೆಗೆ ಜಾಣೆ ಎನಿಸಿಕೊಂಡಿದ್ದ ನನಗೆ ಹೊಟ್ಟೆ ಉರಿಯಿತು.

ಎದ್ದು ನಿಂತು, "ಸುಳ್ಳೇಳ್ತಾವ್ಳೆ ಸಾ, ಆ ಊರು ಮ್ಯಾಪಲ್ಲೇ ಇಲ್ಲ" ಎಂದೆ.

ಎಲ್ಲರೂ ನಕ್ಕರು. ಸುಮಾ ನನ್ನತ್ತ ತಿರುಗಿ, "ನಿಂಗೆ ಗೊತ್ತುಂಟಲ್ಲ, ಹೇಳು ಮಾರಾಯ್ತಿ" ಎಂದಳು.

"ನಂಗೊತ್ತಿಲ್ಲ ಕಣಮ್ಮಿ" ಎಂದು ಕುಳಿತುಬಿಟ್ಟೆ.

ಆಮೇಲೆ ಯಾರು ಊರು ಕೇಳಿದರೂ ಅವಳು "ಇಲ್ಲೇ, ಚಿನಕುರಳಿ" ಎನ್ನುತ್ತಿದ್ದಳು. ಏನೂ ತಿಳಿಯದ ಅಜ್ಜಿ ಮಾತ್ರ ಬೀದಿಯಲ್ಲಿ ಕಂಡಾಗಲೆಲ್ಲ, "ಮನೆ ಕಡೆ ಯಾಕೆ ಬರ್ತಿಲ್ಲ ಮಗಾ?" ಎಂದು ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ ಓಡುತ್ತಿದ್ದೆ.

ಸುಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ, ಎಲ್ಲರೆದುರು ಹೇಳುತ್ತಿದ್ದೇನೆ: ಅಂದು ಸುಳ್ಳು ಹೇಳಿದವಳು ನಾನು.