ನೆಲ್ಸನ್ ಜೇಬಿನಲ್ಲಿದ್ದ ಮೌತ್‌ಪೀಸ್

ಇಸ್ಮಾಯಿಲರ ಕಾರು ಅಬುಧಾಬಿಯ ದಾರಿ ಹಿಡಿದಾಗ ನೆಲ್ಸನ್ ಕುಟಿನ್ಹಾ ಮತ್ತೊಮ್ಮೆ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ. ಮೌತ್‌ಪೀಸ್ ಅಲ್ಲೇ ಇತ್ತು. ಹೆಬ್ಬೆರಳಿಗಿಂತ ತುಸು ಉದ್ದದ ಹಿತ್ತಾಳೆಯ ತುಂಡು, ಬ್ಯೂಗಲ್ ಊದುವಾಗ ತುಟಿಗೆ ತಾಗುವ ಭಾಗ. ಬ್ಯೂಗಲ್ ಮಾತ್ರ ಅವನ ಬಳಿ ಇರಲಿಲ್ಲ.

"ಇವತ್ತು ಜಗಳ ಗಿಗಳ ಬೇಡ ಮಾರಾಯ," ಎಂದರು ಇಸ್ಮಾಯಿಲ್. ದೇರಾದಲ್ಲಿ ಮಸಾಲೆಯ ಸಗಟು ಅಂಗಡಿ ನಡೆಸುವ ಅವರಿಗೆ ಹಳೆಯ ಸೇನಾ ದಿಕ್ಸೂಚಿಗಳ ಹುಚ್ಚು. "ಇದು ನಮ್ಮ ಊರಲ್ಲ."

"ಕೈ ಎತ್ತುದಿಲ್ಲ ಇಸ್ಮಾಯಿಲಾಕ. ಕೈ ಎತ್ತಿದ್ರೆ ಅವನಿಗೆ ಒಂದು ದಿನ ನೋವಾಗ್ತದೆ, ಅಷ್ಟೇ."

"ಯಾ ಅಲ್ಲಾ! ನಿನಗೆ ಮತ್ತೆ ಎಷ್ಟು ದಿನದ್ದು ಬೇಕು?"



ಬ್ಯೂಗಲ್ ನೆಲ್ಸನ್‌ನ ಅಜ್ಜನದು. ಬ್ರಿಟಿಷರ ಪಲ್ಟನಿನಲ್ಲಿ ಬ್ಯಾಂಡಿನವನಾಗಿದ್ದ ಅಜ್ಜ ಯುದ್ಧ ಮುಗಿದ ಮೇಲೆ ಅದನ್ನು ತನ್ನ ಊರು ಶಿರ್ವಕ್ಕೆ ತಂದ. ಹಗಲು ಮದುವೆಗಳಲ್ಲಿ ಊದಿದ. ಸಂಜೆ ಅಂಗಳದಲ್ಲಿ ನಿಂತು, ಮನೆಯವರನ್ನೆಲ್ಲ ಜಪಮಾಲೆಯ ಪ್ರಾರ್ಥನೆಯಾದ ತೇರ್ಸಿಗೆ ಕರೆಯಲು ಊದಿದ. ಒಮ್ಮೆ ಕೊಳವೆಯಲ್ಲಿ ಮೌತ್‌ಪೀಸ್ ಕೂರುವ ತುದಿ ಸೀಳಿತು. ಪೇಟೆಯ ಬೆಸುಗೆಯವನು ಒಳಗೆ ತಗಡಿನ ಸುರುಳಿ ಕೂರಿಸಿ ಬೆಸೆದುಕೊಟ್ಟ. ತೂತು ಸಣ್ಣದಾಯಿತು, ಯಾವ ಮೌತ್‌ಪೀಸೂ ಒಳಗೆ ಹೋಗದಂತಾಯಿತು. ಅಜ್ಜ ಅರ ಹಿಡಿದು ಕೂತು, ತನ್ನ ಮೌತ್‌ಪೀಸನ್ನೇ ಉಜ್ಜಿ ಉಜ್ಜಿ ಸಪೂರ ಮಾಡಿಕೊಂಡ.

ಕೋವಿಡ್ ಸಮಯದಲ್ಲಿ ಜೆಬೆಲ್ ಅಲಿಯ ಗೋದಾಮಿನ ಕೆಲಸ ಹೋದಾಗ ನೆಲ್ಸನ್ ಊರಿಗೆ ಮರಳಬೇಕಾಯಿತು. ಕರಾಮದ ಫ್ಲ್ಯಾಟಿನಲ್ಲಿ ಅವನ ಜೊತೆ ಕೋಣೆ ಹಂಚಿಕೊಂಡಿದ್ದವನು ಮಂಗಳೂರಿನ ಟ್ರೆವರ್ ರೇಗೊ. ಊರಿನಿಂದ ತಂದಿದ್ದ ಬ್ಯೂಗಲ್ ಇದ್ದ ಟ್ರಂಕನ್ನು ನೆಲ್ಸನ್ ಅವನ ಬಳಿ ಬಿಟ್ಟು ಬಂದ. ಮೌತ್‌ಪೀಸ್ ಮಾತ್ರ ತನ್ನ ಕೈಚೀಲದಲ್ಲೇ ಇಟ್ಟುಕೊಂಡ. ತುಟಿಯ ರೂಢಿ ತಪ್ಪದಿರಲಿ ಎಂದು ಬ್ಯಾಂಡಿನವರು ಅದೊಂದನ್ನೇ ಊದಿ ಅಭ್ಯಾಸ ಮಾಡುವುದುಂಟು. ನೆರೆಯವರಿಂದ ಬೈಗುಳವೂ ಬರುವುದಿಲ್ಲ.

ಹೊಸ ವೀಸಾ ಸಿಕ್ಕಿ ಹಿಂತಿರುಗಿದಾಗ ಟ್ರೆವರ್ ಬಾಗಿಲಲ್ಲೇ ಅಪ್ಪಿಕೊಂಡ. "ತಿಗಣೆ ಬಿತ್ತು ನೆಲ್ಸಾ. ಮದ್ದು ಹೊಡೆಯುವವರು ಎಲ್ಲಾ ಹೊರಗೆ ಹಾಕಿಸಿದ್ರು. ನಿನ್ನ ಟ್ರಂಕೂ ಹೋಯ್ತು. ಖಲಾಸ್." ಅವನ ಕಣ್ಣಲ್ಲಿ ನೀರಿತ್ತು. ಬೆನ್ನು ಸವರಿ ಸಮಾಧಾನ ಮಾಡಿದವನು ನೆಲ್ಸನ್. ಇವತ್ತಿಗೂ ಅವನಿಗೆ ಸಹಿಸಲಾಗದ್ದು ಅದೇ.

ಈಗ ಹೊರಟಿದ್ದ ಇದೇ ಸೇನಾ ಸಂಗ್ರಹಗಳ ಪ್ರದರ್ಶನಕ್ಕೆ ಹೋದ ವರ್ಷ ಇಸ್ಮಾಯಿಲ್ ಒತ್ತಾಯಿಸಿ ಅವನನ್ನು ಕರೆದೊಯ್ದಿದ್ದರು. ಸಂಗ್ರಾಹಕರ ಬಳಗದ ಕಾರ್ಯದರ್ಶಿಯ ಮೇಜಿನ ಮೇಲೆ ಬ್ಯೂಗಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದ ಚೀಟಿಯಲ್ಲಿ 'ನನ್ನ ಅಜ್ಜನದು' ಎಂದಿತ್ತು. ಕಾರ್ಯದರ್ಶಿ ಟ್ರೆವರ್.

"ಇದು ನಂದು," ಎಂದಿದ್ದ ನೆಲ್ಸನ್.

ಟ್ರೆವರ್ ಸುತ್ತಲಿದ್ದವರಿಗೆ ಕೇಳುವಂತೆ ನಕ್ಕ. "ಬ್ಯೂಗಲ್ ಎಲ್ಲಾ ಒಂದೇ ತರ ಇರ್ತದೆ ಮಾರಾಯ. ನಿಂದು ಅಂತ ಎಲ್ಲಿ ಬರ್ದುಂಟು?"

ಎಲ್ಲರೂ ನಕ್ಕರು. ನೆಲ್ಸನ್ ಒಂದು ಸಂಗತಿ ಗಮನಿಸಿದ: ಹೊಸ ಮೌತ್‌ಪೀಸಿನ ಬುಡಕ್ಕೆ ಟೇಪು ಸುತ್ತಿ, ಕೊಳವೆಯ ಬಾಯಿಗೆ ಅಂಟಿಸಲಾಗಿತ್ತು. ಸಂಗ್ರಾಹಕರು ಬ್ಯೂಗಲನ್ನು ಉಜ್ಜುತ್ತಾರೆ, ಊದುವುದಿಲ್ಲ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಬಂದ. ಆಮೇಲೆ ವರ್ಷವಿಡೀ ಬಳಗದ ಚಹಾಕೂಟಗಳಿಗೆ ಹೋಗಿ ಟ್ರೆವರನ ಪಕ್ಕದಲ್ಲೇ ಕೂತ. ಈ ಸಲ ಕಾರ್ಯದರ್ಶಿಯ ಬ್ಯೂಗಲ್ ಊದಿಸಿಯೇ ಪ್ರದರ್ಶನ ಶುರುವಾಗಲಿ ಎಂದು ಸೂಚಿಸಿದವನೂ ಅವನೇ. ಟ್ರೆವರ್ ಹಿಗ್ಗಿ ಒಪ್ಪಿಕೊಂಡಿದ್ದ.

ಅಬುಧಾಬಿ ತಲುಪಿದಾಗ ಹೋಟೆಲಿನ ಸಭಾಂಗಣ ತುಂಬಿತ್ತು. ಆಯುಧ ತರುವಂತಿಲ್ಲವೆಂಬ ನಿಯಮವಿದ್ದುದರಿಂದ ಮೇಜುಗಳ ಮೇಲೆ ಪದಕ, ಟೋಪಿ, ನೀರಿನ ಬಾಟಲಿ, ಲಾಟೀನುಗಳಷ್ಟೇ. ಟ್ರೆವರ್ ಮೈಕಿನಲ್ಲಿ ತನ್ನ ಅಜ್ಜನ ಶೌರ್ಯದ ಕಥೆ ಹೇಳಿ, ಹೋಟೆಲ್ ಬ್ಯಾಂಡಿನ ಗೋವಾದ ವಾದಕನ ಕೈಗೆ ಬ್ಯೂಗಲ್ ಕೊಟ್ಟ. ವಾದಕ ಕೆನ್ನೆ ಉಬ್ಬಿಸಿ ಊದಿದ. ಟೇಪಿನ ಸಂದಿನಿಂದ 'ಪುಸ್' ಎಂದು ಗಾಳಿ ಹೋಯಿತು. ಮತ್ತೆ ಊದಿದ. ಮೌತ್‌ಪೀಸ್ ಕಳಚಿ ನೆಲಕ್ಕೆ ಬಿತ್ತು.

"ಅಜ್ಜನಿಗೆ ಗಂಟಲು ಕಟ್ಟಿತಾ ಟ್ರೆವರ್ ಬಾಯ್?" ಎಂದು ಹಿಂದಿನಿಂದ ಇಸ್ಮಾಯಿಲ್ ಕೂಗಿದರು. ಸಭೆ ನಕ್ಕಿತು.

"ನಾನು ನೋಡ್ಲಾ?" ಎಂದು ನೆಲ್ಸನ್ ಮುಂದೆ ಬಂದ.

ಟ್ರೆವರ್‌ಗೆ ಬೇಡವೆನ್ನುವ ದಾರಿಯಿರಲಿಲ್ಲ. ನೆಲ್ಸನ್ ಜೇಬಿನಿಂದ ತನ್ನ ತುಂಡು ತೆಗೆದು, ಅರದ ಗೀರುಗಳು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅದನ್ನು ಕೊಳವೆಗೆ ಇಟ್ಟು ತಿರುಗಿಸಿದ. ಸರಕ್ಕನೆ ಹೋಗಿ ಕೂತಿತು. ಆಮೇಲೆ ತೇರ್ಸಿನ ಕರೆ ಊದಿದ. ದನಿ ಚಾವಣಿಗೆ ಬಡಿದು ಇಡೀ ಸಭಾಂಗಣ ತುಂಬಿತು.

"ಇದರ ಒಳಗೆ ತಗಡಿನ ಬೆಸುಗೆ ಉಂಟು. ಶಿರ್ವದಲ್ಲಿ ಹಾಕಿಸಿದ್ದು," ಎಂದ ನೆಲ್ಸನ್ ಮೈಕಿಗೆ ಬಾಗಿ. "ಅದಕ್ಕಾಗಿ ನನ್ನ ಅಜ್ಜ ಈ ಮೌತ್‌ಪೀಸನ್ನು ಅರ ಹಿಡಿದು ಸಪೂರ ಮಾಡಿದ್ದು. ಟ್ರೆವರ್, ನಿನ್ನ ಅಜ್ಜ ಯಾಕೆ ಬೆಸುಗೆ ಹಾಕಿಸಿದ್ದು ಅಂತ ಹೇಳು. ಎಲ್ಲರೂ ಕೇಳ್ತಾರೆ."

ಗೋವಾದ ವಾದಕ ಕೊಳವೆಯೊಳಗೆ ಇಣುಕಿ ನೋಡಿ ತಲೆಯಾಡಿಸಿದ. ಟ್ರೆವರನ ಮುಖ ಸುಣ್ಣದಂತಾಗಿತ್ತು. ಅವನು ಹತ್ತಿರ ಬಂದು ನೆಲ್ಸನ್‌ನ ತೋಳು ಹಿಡಿದ. "ತಕೊಂಡು ಹೋಗು ನೆಲ್ಸಾ. ಈಗಲೇ ತಕೊಂಡು ಹೋಗು. ಇಷ್ಟು ಸಾಕು."

"ಈಗ ಯಾಕೆ? ಪ್ರದರ್ಶನ ಸಂಜೆ ತನಕ ಉಂಟಲ್ಲ."

ನೆಲ್ಸನ್ ಮೌತ್‌ಪೀಸ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬ್ಯೂಗಲನ್ನು ಟ್ರೆವರನ ಮೇಜಿನ ಮೇಲೆಯೇ ಇಟ್ಟು, ಚೀಟಿಯನ್ನೂ ಸರಿಯಾಗಿ ನಿಲ್ಲಿಸಿದ. "ಇಲ್ಲೇ ಇರ್ಲಿ. ನೀನೂ ಇಲ್ಲೇ ಇರು. ಬಂದವರು ಯಾರದ್ದು ಅಂತ ಕೇಳಿದ್ರೆ ನೀನೇ ಹೇಳು. ಎದ್ದು ಹೋದ್ರೆ ನಾನು ಹೇಳ್ತೇನೆ, ಟ್ರಂಕಿನ ಕಥೆ ಸಮೇತ. ತಿಗಣೆ ಕಥೆಯನ್ನೂ ಬಿಡುದಿಲ್ಲ."

ಅವನು ಎದುರುಗಡೆ ಕುರ್ಚಿ ಎಳೆದು ಕೂತ. ಇಸ್ಮಾಯಿಲ್ ಎರಡು ಕಪ್ ಕರಕ್ ಚಹಾ ತಂದು ಪಕ್ಕದಲ್ಲಿ ಕೂತರು. "ಸಾಕು ಮಾರಾಯ, ಪಾಪ ಕಾಣ್ತದೆ."

"ನಿಮಗೆ ಕಾಣ್ತದೆ," ಎಂದ ನೆಲ್ಸನ್.

ಮಕ್ಕಳನ್ನು ಕರೆದುಕೊಂಡು ಬಂದ ಒಂದು ಕುಟುಂಬ ಮೇಜಿನ ಬಳಿ ನಿಂತಿತು. ಹೆಂಗಸು ಚೀಟಿ ಓದಿ ಏನೋ ಕೇಳಿದಳು. ಟ್ರೆವರ್ ತಲೆಯೆತ್ತಿ ನೆಲ್ಸನ್ ಕಡೆ ನೋಡಿದ. ಆಮೇಲೆ ಬೆರಳಿನಿಂದ ಅವನನ್ನು ತೋರಿಸಿ, ತಗ್ಗಿದ ದನಿಯಲ್ಲಿ ಉತ್ತರ ಹೇಳಿದ.

"ಕೇಳ್ಲಿಲ್ಲ ಟ್ರೆವರ್," ಎಂದ ನೆಲ್ಸನ್ ಚಹಾ ಗುಟುಕರಿಸುತ್ತ. "ಸ್ವಲ್ಪ ಜೋರಾಗಿ."