ಸಫಾರಿ ಸೂಟಿನ ಶೇಷಗಿರಿ ಮಾಮ

ದಿಲ್ಲಿ ಮೆಟ್ರೋದಲ್ಲಿ ಸೀಟು ಖಾಲಿಯಿದ್ದರೂ ಶೇಷಗಿರಿ ಮಾಮ ಕೂರುತ್ತಿರಲಿಲ್ಲ. ಕೂತರೆ ಸಫಾರಿ ಸೂಟು ಮುದುರುತ್ತದೆ. ಪೀತಮ್‌ಪುರದಿಂದ ಹೊರಟು, ನಡುವೆ ಬಸ್ಸು ಹಿಡಿದು, ಓಖ್ಲಾದ ಪ್ರೆಸ್ಸು ತಲುಪುವವರೆಗೂ ಆರಡಿ ಎತ್ತರದ ಆಸಾಮಿ ನೆಟ್ಟಗೆ ನಿಂತೇ ಬರುತ್ತಿದ್ದರು. ಮೀಸೆಗೂ ಇಸ್ತ್ರಿ ಹಾಕಿದ್ದಾರೇನೋ ಅನ್ನಿಸುತ್ತಿತ್ತು.

ನಮ್ಮಪ್ಪ ಮತ್ತು ಮಾಮ ಒಂದೇ ಸರ್ಕಾರಿ ಕಚೇರಿಯಲ್ಲಿದ್ದವರು. ಲೋಧಿ ಕಾಲೋನಿಯಲ್ಲಿ ಅಕ್ಕಪಕ್ಕದ ಮನೆ. ನಿವೃತ್ತರಾದ ಮೇಲೆ ಮಾಮ, ಸಿದ್ಧ ಉಡುಪುಗಳ ಲೇಬಲ್ ಅಚ್ಚು ಹಾಕುವ ಸಣ್ಣ ಪ್ರೆಸ್ಸು ತೆರೆದರು. ಡಿಸೈನ್ ಓದಿ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆದು ಕೆಲಸ ಕೊಟ್ಟರು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣಮ್ಮ" ಎನ್ನುವುದು ಅವರ ನಿತ್ಯದ ಮಂತ್ರ. ತಲೆ ಬಾಚದೆ ಫೋನ್ ಎತ್ತಿದರೂ ಬೈಯುತ್ತಿದ್ದರು. "ಫೋನಲ್ಲಿ ಯಾರಿಗೆ ಕಾಣುತ್ತೆ ಮಾಮ?" ಎಂದರೆ, "ದನಿಯಲ್ಲಿ ಕಾಣುತ್ತೆ" ಎನ್ನುತ್ತಿದ್ದರು.

ಒಂದು ಚಳಿಗಾಲ ಪ್ರೆಸ್ಸಿಗೆ ಕೆಲಸವೇ ಇರಲಿಲ್ಲ. ದೊಡ್ಡ ಗಿರಾಕಿ ಸಿಗದಿದ್ದರೆ ಬೀಗ ಹಾಕುವುದೇ ಗತಿ. ಆಗಲೇ ದೊಡ್ಡ ಹೋಟೆಲೊಂದರಲ್ಲಿ ಉಡುಪು ರಫ್ತುದಾರರ ಕೂಟ ನಡೆಯಿತು. ಕೈ ಕುಲುಕಿ, ಕಾರ್ಡು ಕೊಟ್ಟು, ಪರಿಚಯ ಮಾಡಿಕೊಳ್ಳುವ ಕೂಟ. ನಾನು ಅಮ್ಮನ ಮೈಸೂರು ರೇಷ್ಮೆ ಉಟ್ಟೆ. ಮಾಮ ಬೂದು ಬಣ್ಣದ ಹೊಸ ಸಫಾರಿ ಹೊಲಿಸಿದರು. ಅವರ ಕಾಲದಲ್ಲಿ ಅದು ಅಧಿಕಾರಿಗಳ ಉಡುಪು. ದಿಲ್ಲಿಯಲ್ಲಿ ಅಷ್ಟರಲ್ಲಾಗಲೇ ಅದು ದೊಡ್ಡವರ ಹಿಂದೆ ನಿಲ್ಲುವ ಅಂಗರಕ್ಷಕರ ಉಡುಪಾಗಿತ್ತು. ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಹೆಂಗಸರು ಮುಂದೆ ಹೋಗಬೇಕೆಂಬುದು ಮಾಮನ ಶಿಸ್ತು. ಹಾಗೆ ನಾನು ಮುಂದೆ, ಅವರು ಎರಡು ಹೆಜ್ಜೆ ಹಿಂದೆ. ಒಳಗೆ ಕಾಲಿಟ್ಟಿದ್ದೇ ತಡ, ಜನ ದಾರಿ ಬಿಟ್ಟರು. ರಫ್ತುದಾರ ಚಾವ್ಲಾ ಜೀ ತಾವಾಗಿಯೇ ಬಂದು ನನಗೆ ಕಾರ್ಡು ಕೊಟ್ಟು, ಮಾಮನ ಕಡೆ ತಿರುಗಿದರು. "ಭಾಯೀಸಾಬ್, ಸೆಕ್ಯೂರಿಟಿವಾಲೋಂ ಕಾ ಖಾನಾ ನೀಚೇ ಹೈ." ಸೆಕ್ಯೂರಿಟಿಯವರ ಊಟ ಕೆಳಗಡೆಯಂತೆ.

ಇವರೇ ಮಾಲೀಕರು ಎನ್ನಲು ಬಾಯಿ ತೆರೆದೆ. ಮಾಮ ಕನ್ನಡದಲ್ಲಿ ಮೆಲ್ಲಗೆ, "ಸುಮ್ನಿರು ಮಗಳೇ. ಪ್ರೆಸ್ಸು ಉಳೀಬೇಕು, ನೀನು ಮಾತಾಡು" ಎಂದರು. ಆಮೇಲೆ ಚಾವ್ಲಾ ಜೀಗೆ "ಜೀ ಸಾಬ್" ಎಂದು ಸಲಾಮು ಹೊಡೆದು ಕೆಳಗಿಳಿದು ಹೋದರು.

ನಾನು ಮಾತಾಡಿದೆ. ನಮಗೆ ಆರ್ಡರ್ ಸಿಕ್ಕಿತು. ಹೊರಗೆ ಬಂದಾಗ ಮಾಮ ಡ್ರೈವರುಗಳ ಜೊತೆ ನಿಂತು ಟೀ ಕುಡಿಯುತ್ತಿದ್ದರು. "ರಾಜ್ಮಾ ಚಾವಲ್ ಫಸ್ಟ್ ಕ್ಲಾಸಾಗಿತ್ತು" ಎಂದು ನಕ್ಕರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆಮೇಲೆ ಚಾವ್ಲಾ ಜೀ ಪ್ರೆಸ್ಸಿಗೆ ಬಂದಾಗಲೆಲ್ಲ ಮಾಮ ತಮ್ಮ ಕುರ್ಚಿಯನ್ನು ನನಗೆ ಬಿಟ್ಟು, ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಿದ್ದರು. ಆ ಕುರ್ಚಿ ನನಗೆ ಚುಚ್ಚುತ್ತಿತ್ತು. "ನಿಜ ಹೇಳಿಬಿಡೋಣ ಮಾಮ, ನನಗೆ ನಾಚಿಕೆಯಾಗುತ್ತೆ" ಎಂದು ಅತ್ತಿದ್ದೂ ಉಂಟು. "ಈಗ ಹೇಳಿದ್ರೆ ಅವರಿಗೆ ನಾಚಿಕೆಯಾಗುತ್ತೆ. ನಾಚಿಕೆಯಾದೋರು ಮತ್ತೆ ಈ ಕಡೆ ತಲೆ ಹಾಕ್ತಾರಾ? ಚಲೋ, ಪ್ರೂಫ್ ನೋಡು" ಎಂದು ಮಾತು ಮುಗಿಸುತ್ತಿದ್ದರು. ಅವರ ಮಾತಿಗೆ ಕಟ್ಟುಬಿದ್ದು ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಒಂದು ಬೆಳಿಗ್ಗೆ ಮಾಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ತಿಥಿಯೆಲ್ಲ ಮುಗಿದ ಮೇಲೆ ಪ್ರೆಸ್ಸಿನಲ್ಲಿ ಅವರ ಫೋಟೋ ಹಾಕಿಸಿದೆ. ಆ ವಾರವೇ ಬಂದ ಚಾವ್ಲಾ ಜೀ ಫೋಟೋದ ಮುಂದೆ ನಿಂತು ಕೈಮುಗಿದರು. "ಗಾರ್ಡ್ ಕೀ ಫೋಟೋ, ವೋ ಭೀ ಆಫೀಸ್ ಮೇಂ? ಮ್ಯಾಡಮ್, ಆಪ್ ಕಾ ದಿಲ್ ಬಹುತ್ ಬಡಾ ಹೈ" ಎಂದು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು.

"ಗಾರ್ಡ್ ನಹೀಂ ಜೀ, ಇವರೇ ಮಾಲೀಕ್ ಥೇ. ನಾನು ಇವರ ನೌಕರ್" ಎಂದೆ. ಗಾಬರಿಯಲ್ಲಿ ಹಿಂದಿ ಕನ್ನಡ ಎಲ್ಲ ಕಲಸಿಹೋಯಿತು.

ಚಾವ್ಲಾ ಜೀ ತಮಾಷೆಯೆಂದು ನಕ್ಕರು. ನಾನು ಮತ್ತೊಮ್ಮೆ ಹೇಳಿದೆ.